ಹಂದಿಗೋಡಿನ ವ್ಯಾಧಿಯೂ ತೊಡೆಯೆಲುಬಿನ ಮುರಿತವೂ

ಬನವಾಸಿಗೆ ಸಮೀಪವಾದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಸ್ತಂಭಶಾಸನವು, ಕದಂಬವಂಶದ ಸ್ಥಾಪಕ ಮಯೂರಶರ್ಮನ ಪಿತಾಮಹನು ವೀರಶರ್ಮನೆಂದೂ ತಂದೆ ಬಂಧುಷೇಣನೆಂದೂ ಸಾರಿ, ಆ ರಾಜಕುಲದ ಮೂಲವನ್ನು ನಮಗೆ ಉಳಿಸಿಕೊಟ್ಟಿದೆ. ಅಲ್ಲಿಂದ ತೆಂಕಣಕ್ಕೆ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ, ಗದ್ದೆಯ ಕೂಲಿಯಿಂದ ಜೀವಿಸುತ್ತಿದ್ದ ಬಡ ಕುಟುಂಬಗಳ ವಂಶಾವಳಿಯನ್ನು ಬರೆದಿಡುವ ಪ್ರಸಂಗವೊದಗಿದ್ದು ಕವಿಗಳಿಗಲ್ಲ, ವೈದ್ಯರಿಗೆ.

1975ರ ಸುಮಾರಿಗೆ ಬೆಳಕಿಗೆ ಬಂದ ಅಲ್ಲಿನ ವ್ಯಾಧಿಯು ಸೊಂಟ, ಮೊಣಕಾಲುಗಳ ಕೀಲನ್ನು ಹಿಡಿದು, ಕೆಲವರಲ್ಲಿ ಕುಬ್ಜತೆಯೊಡನೆ ಕೂಡಿ, ನಡೆಯುತ್ತಿದ್ದವರನ್ನು ತೆವಳುವಂತೆ ಮಾಡುತ್ತಿತ್ತು. 1977ರಲ್ಲಿ ತಜ್ಞರು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವ್ಯಾಧಿಯೆಂದು ವರ್ಣಿಸಿದರು. ಭತ್ತದ ಗದ್ದೆಗೆ ಕೀಟನಾಶಕ ಬಂದುದೂ, ಆ ಗದ್ದೆಯ ಏಡಿಗಳನ್ನು ಈ ಜನ ತಿನ್ನುತ್ತಿದ್ದುದೂ ಎಲ್ಲರ ಕಣ್ಣಿಗೆ ಬೀಳುವಂತಿದ್ದುದರಿಂದ, ವಿಷವು ಏಡಿಯ ಮೂಲಕ ಎಲುಬಿಗಿಳಿಯಿತೆಂಬ ಶಂಕೆ ಬಹುಕಾಲ ನಿಂತಿತು. ಬಡವನ ಬಟ್ಟಲನ್ನು ದೂರುವುದು ಎಂದಿಗೂ ಸುಲಭವಷ್ಟೆ. 1990ರ ದಶಕದಲ್ಲಿ ಕ್ಷಕಿರಣಚಿತ್ರಗಳನ್ನೂ ವಂಶವೃಕ್ಷಗಳನ್ನೂ ಜೊತೆಯಿಟ್ಟು ನೋಡಿದಾಗ, ತಂದೆತಾಯಿಗಳಲ್ಲೊಬ್ಬರಿಂದ ಮಕ್ಕಳಿಗಿಳಿಯುವ ಅಸ್ಥಿದೋಷವಿದೆಂದು ಸ್ಪಷ್ಟವಾಯಿತು.

ಇದಕ್ಕೆ ತಿರುವುಮುರುವಾದ ಕಥೆಯೊಂದು ಲೋಕದ ವೈದ್ಯಚರಿತ್ರೆಯಲ್ಲುಂಟು. ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮೊದಲಾದವರು 1960ರ ದಶಕದಲ್ಲಿ ಶೋಧಿಸಿದ ಬಿಸ್‌ಫಾಸ್ಫೊನೇಟುಗಳ ಗುಣದಿಂದ ಹುಟ್ಟಿ, 1995ರಲ್ಲಿ ಅಮೆರಿಕದಲ್ಲಿ ಎಲುಬಿನ ಸವೆತಕ್ಕೆಂದು ಸಮ್ಮತಿ ಪಡೆದ ಅಲೆಂಡ್ರೊನೇಟ್, ಅಸ್ಥಿಯನ್ನು ಕರಗಿಸುವ ಜೀವಕೋಶಗಳನ್ನು ತಡೆದು, ಅಸಂಖ್ಯ ವೃದ್ಧೆಯರ ಸೊಂಟವನ್ನು ಕಾಪಾಡಿತು. ಆದರೆ ಹಳತನ್ನು ಕೆಡಹುವ ಕಾರ್ಯ ನಿಂತಲ್ಲಿ ಹೊಸತನ್ನು ಕಟ್ಟುವ ಕಾರ್ಯವೂ ಕುಗ್ಗುತ್ತದೆ. 2005ರಲ್ಲಿ ಓಡ್ವಿನಾ ಮತ್ತು ಸಂಗಡಿಗರು ಈ ಮದ್ದನ್ನು ಸೇವಿಸುತ್ತಿರುವಾಗ ತಾನಾಗಿ ಎಲುಬು ಮುರಿದ ಒಂಬತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ತರುವಾಯ ತೊಡೆಯೆಲುಬು ಸೀಮೆಸುಣ್ಣದ ಕಡ್ಡಿಯಂತೆ ಅಡ್ಡಲಾಗಿ ಮುರಿದ ವರದಿಗಳು ಕೂಡುತ್ತ ಬಂದು, 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ನೀಡಿತು. ಮುಪ್ಪಿನ ಎಲುಬಿನ ಸಹಜ ಗತಿಯೆಂದು ಭಾವಿಸಬಹುದಾಗಿದ್ದುದಕ್ಕೆ ಇಲ್ಲಿ ಹೊರಗಿನ ಕಾರಣವೇ ದೊರೆಯಿತು.

ಆದರೂ ಕುಲದ ಪ್ರಶ್ನೆ ಇಲ್ಲಿಯೂ ಬಿಡಲಿಲ್ಲ. 2020ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನದಲ್ಲಿ, ಸುಮಾರು 1,96,000 ಸ್ತ್ರೀಯರ ಪೈಕಿ 277 ಇಂತಹ ಮುರಿತಗಳು ಕಂಡುಬಂದು, ಏಷ್ಯಾಮೂಲದವರಲ್ಲಿ ಅಪಾಯ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚೆಂದೂ, ಮದ್ದು ನಿಲ್ಲಿಸಿದೊಡನೆ ಅದು ಶೀಘ್ರವಾಗಿ ಇಳಿಯುವುದೆಂದೂ ತಿಳಿಯಿತು. ಮುರಿತಕ್ಕೆ ವಾರಗಳ ಇಲ್ಲವೆ ತಿಂಗಳುಗಳ ಮೊದಲೇ ಅನೇಕರಿಗೆ ತೊಡೆಯಲ್ಲಿ ಮಂದವಾದ ನೋವು ಕಾಣಿಸಿಕೊಳ್ಳುವುದರಿಂದಲೂ, ಒಂದು ಕಾಲಿನ ದೋಷ ಇನ್ನೊಂದರಲ್ಲಿಯೂ ಅಡಗಿರಬಹುದಾದ್ದರಿಂದಲೂ, ವೈದ್ಯರು ಈಗ ಎರಡೂ ತೊಡೆಗಳ ಕ್ಷಕಿರಣಚಿತ್ರವನ್ನು ತೆಗೆಸುತ್ತಾರೆ.