ಕಟ್ಟಡಕ್ಕೆ ದುಡ್ಡಿದೆ, ರಂಗಭೋಗಕ್ಕೆ?

ಶಿವನಿಯಿಂದ ಅಜ್ಜಂಪುರದ ಕಡೆಗಾಗಲಿ, ಹೊಸದುರ್ಗದ ಕಡೆಗಾಗಲಿ ಹೊರಟರೆ ದಾರಿಯುದ್ದಕ್ಕೂ ಸಮುದಾಯ ಭವನಗಳು ಸಿಗುತ್ತವೆ. ನಾಲ್ಕು ಗೋಡೆ, ಆರ್‌ಸಿಸಿ ಇಲ್ಲವೇ ಶೀಟಿನ ಚಾವಣಿ, ಮುಂದೆ ಕಬ್ಬಿಣದ ಶಟರ್, ಅನುದಾನ ಕೊಟ್ಟವರ ಹೆಸರು ಕೆತ್ತಿದ ಗ್ರಾನೈಟ್ ಕಲ್ಲು. ಮದುವೆ, ನಾಮಕರಣ, ತಿಥಿ ಊಟಕ್ಕೆ ಬೀಗ ತೆಗೆಯುತ್ತಾರೆ. ಮಿಕ್ಕ ದಿನ ಮುಚ್ಚಿರುತ್ತದೆ. ಊರ ಹುಡುಗರು ನಾಟಕ ಆಡುವುದಿದ್ದರೆ ಭವನದ ಒಳಗೆ ಆಡುವುದಿಲ್ಲ, ಎದುರಿನ ಬಯಲಲ್ಲಿ ಶಾಮಿಯಾನ ಹಾಕಿಸುತ್ತಾರೆ. ಒಳಗೆ ಆಡಿದ ಮಾತು ಗೋಡೆಗೆ ಬಡಿದು ಗುಂಯ್ ಎನ್ನುತ್ತದೆ, ಹಿಂದೆ ಕೂತವರಿಗೆ ಒಂದಕ್ಷರವೂ ಕೇಳುವುದಿಲ್ಲ.

ಕಲೆಗೆಂದು ಊರವರೆಲ್ಲ ಸೇರುವ ಜಾಗ ಕಟ್ಟುವುದು ನಮ್ಮ ಸೀಮೆಗೆ ಹೊಸ ಕೆಲಸವೇನಲ್ಲ. ಎಂಟುನೂರು ವರ್ಷದ ಹಿಂದೆ ಕಟ್ಟಿದ್ದು ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಇನ್ನೂ ನಿಂತಿದೆ.

ಅಮೃತೇಶ್ವರ ದೇವಸ್ಥಾನವನ್ನು ಕಟ್ಟಿಸಿದ್ದು 1196ರಲ್ಲಿ, ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅವನ ದಂಡನಾಯಕ. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಗೋಪುರ ನೋಡಿ, ಕೈಮುಗಿದು, ಫೋಟೊ ತೆಗೆದುಕೊಂಡು ಬರುತ್ತಾರೆ. ಈ ಸಲ ಹೋದಾಗ ಮುಂದಿನ ತೆರೆದ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಗರ್ಭಗುಡಿಯ ಮುಂದಿನ ಮುಚ್ಚಿದ ಮಂಟಪಕ್ಕೆ ಒಂಬತ್ತು ಅಂಕಣ, ಅದರ ಮುಂದಿನ ತೆರೆದ ಮಂಟಪಕ್ಕೆ ಇಪ್ಪತ್ತೊಂಬತ್ತು. ಅಂದರೆ ದೇವರ ಮುಂದಿನ ಕತ್ತಲೆ ಕೋಣೆಗಿಂತ ಜನ ಸೇರುವ ಜಾಗ ಮೂರು ಪಾಲು ದೊಡ್ಡದು. ಸುತ್ತ ಗಿಡ್ಡ ಗೋಡೆ, ಮೇಲೆ ಗಾಳಿ ಬೆಳಕು ಧಾರಾಳ. ಕಡೆದಂಥ ನುಣುಪು ಕಂಬಗಳ ನಡುವೆ ನಿಂತು ಒಬ್ಬರು ಹಾಡಿದರೆ ಹೊರಗೆ ಅಂಗಳದಲ್ಲಿ ನಿಂತವರಿಗೂ ಕೇಳುತ್ತದೆ, ಕಾಣುತ್ತದೆ. ಆ ಗಿಡ್ಡ ಗೋಡೆಯ ಹೊರಮೈಯಲ್ಲಿ ರಾಮಾಯಣ, ಕೃಷ್ಣನ ಕತೆ, ಮಹಾಭಾರತದ ಸುಮಾರು 140 ಚಿಕ್ಕ ಕೆತ್ತನೆ ಫಲಕಗಳಿವೆ. ಒಳಗೆ ಬರದೆ ಸುತ್ತು ಹಾಕುವವನಿಗೂ ಕತೆ ಸಿಗಲಿ ಅಂತ ಮಾಡಿದ ಹಾಗಿದೆ.

ಅಂಕಣ ಎಂದರೆ ನಾಲ್ಕು ಕಂಬದ ನಡುವಿನ ಜಾಗ. ನಮ್ಮ ಅಜ್ಜಂದಿರು ಮನೆ ಅಳೆಯುತ್ತಿದ್ದುದೂ ಇದೇ ಮಾತಿನಲ್ಲಿ. ಮೂರಂಕಣದ ಮನೆ, ಐದಂಕಣದ ಮನೆ ಅಂತ. ದೇವಸ್ಥಾನಕ್ಕೂ ಬಡವನ ಮನೆಗೂ ಒಂದೇ ಲೆಕ್ಕ. ಬೇಕಾದರೆ ಇನ್ನೊಂದು ಅಂಕಣ ಸೇರಿಸಬಹುದು. ಇವತ್ತಿನ ಎಂಜಿನಿಯರ್ ಚದರಡಿಯಲ್ಲಿ ಹೇಳುತ್ತಾರೆ. ಅದು ತಪ್ಪಲ್ಲ, ಆದರೆ ಚದರಡಿ ಎಂದಾಗ ಕಣ್ಣಮುಂದೆ ಬರುವುದು ಡಬ್ಬಿ, ಅಂಕಣ ಎಂದಾಗ ಬರುವುದು ಕಂಬ ಮತ್ತು ಜಗಲಿ.

ಕಟ್ಟಡಕ್ಕಿಂತ ದೊಡ್ಡ ಪಾಠ ಶಾಸನಗಳಲ್ಲಿದೆ. ಅಮೃತಾಪುರದ ದೊಡ್ಡ ಶಾಸನದ ಪದ್ಯಗಳನ್ನು ಬರೆದವನು ಕವಿ ಜನ್ನ. ಆ ಕಾಲದ ಕನ್ನಡ ದಾನಶಾಸನಗಳನ್ನು ಓದುತ್ತಾ ಹೋದರೆ ಎರಡು ಮಾತು ಮತ್ತೆ ಮತ್ತೆ ಸಿಗುತ್ತವೆ. ಒಂದು, ಅಂಗಭೋಗ ರಂಗಭೋಗ. ಅಂಗಭೋಗ ಅಂದರೆ ದೇವರ ಅಭಿಷೇಕ, ಅಲಂಕಾರ, ನೈವೇದ್ಯದ ಖರ್ಚು. ರಂಗಭೋಗ ಅಂದರೆ ಆಟ, ಪಾಟ, ಕುಣಿತ, ವಾದ್ಯದ ಖರ್ಚು. ಇನ್ನೊಂದು, ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದು, ಬಿರುಕು ಬಿಟ್ಟದ್ದು ರಿಪೇರಿ ಮಾಡಿಸಲು ಎತ್ತಿಟ್ಟ ಪಾಲು. ಗುಡಿ ಕಟ್ಟಿದ ಮೇಲೆ ಇವಕ್ಕೆಲ್ಲ ಗದ್ದೆ, ತೋಟ, ಸುಂಕದ ಪಾಲು ಬಿಟ್ಟುಕೊಡುತ್ತಿದ್ದರು. ಮದ್ದಳೆಯವನ ಊಟ ಎಲ್ಲಿಂದ ಬರಬೇಕು, ಸೋರುವ ಮಾಡಿಗೆ ಯಾರು ದುಡ್ಡು ಹಾಕಬೇಕು ಎನ್ನುವುದನ್ನು ಕಲ್ಲಿನ ಮೇಲೇ ಬರೆದಿಟ್ಟರು. ನಮ್ಮ ಭವನಗಳ ಗ್ರಾನೈಟ್ ಕಲ್ಲಿನಲ್ಲಿ ಇರುವುದು ಉದ್ಘಾಟಕರ ಹೆಸರು ಮಾತ್ರ.

ಅರಸರು ಹೋದ ಮೇಲೆ ಹಳ್ಳಿಗಳಲ್ಲಿ ರಂಗಭೋಗವನ್ನು ನಡೆಸಿಕೊಂಡು ಬಂದವರು ಊರವರೇ. ಚಿತ್ರದುರ್ಗ, ತುಮಕೂರು, ಹಾಸನದ ಸೀಮೆಯಲ್ಲೂ ನಮ್ಮ ಜಿಲ್ಲೆಯ ಬಯಲುಸೀಮೆ ಭಾಗದಲ್ಲೂ ಮೂಡಲಪಾಯ ಆಡುತ್ತಿದ್ದರು. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಬಯಲಲ್ಲಿ ಕಂಬ ನೆಟ್ಟು, ಅಟ್ಟ ಕಟ್ಟಿ, ಮುಖವೀಣೆ ಮದ್ದಳೆಯ ಜೊತೆ ಬೆಳಗಾಗುವವರೆಗೆ ಆಟ. ಅದಕ್ಕೆ ಮೊದಲು ತಿಂಗಳುಗಟ್ಟಲೆ ರಾತ್ರಿ ಭಾಗವತರ ಹತ್ತಿರ ಕಲಿಯಬೇಕು. ವಂತಿಗೆ ಎತ್ತುವುದು ಊರವರು, ಕಿರೀಟ ಹೊರುವುದೂ ಊರವರು. ಆ ಅಟ್ಟ ಮರುದಿನ ಬಿಚ್ಚಿದರೆ ಏನೂ ಉಳಿಯುತ್ತಿರಲಿಲ್ಲ, ಆದರೆ ಆಡುವ ಮಂದಿ ಉಳಿಯುತ್ತಿದ್ದರು. ಈಗ ಲೆಕ್ಕ ತಿರುಗುಮುರುಗಾಗಿದೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದಂದಿನಿಂದ ಹಳ್ಳಿಗೆ ಏನು ಮಾಡಿದೆವು ಎಂದು ತೋರಿಸಲು ಕಟ್ಟಡವೇ ಸುಲಭ ಎಂಬುದು ರೂಢಿಯಾಯಿತು. ಕಟ್ಟಡವನ್ನು ಅಳತೆ ಪುಸ್ತಕದಲ್ಲಿ ಬರೆಯಬಹುದು. ಭಾಗವತರ ಕಲಿಸುವಿಕೆಯನ್ನು ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ.

ಹಾಗಿದ್ದೂ ಈ ಕಾಲದಲ್ಲೇ ಹಳ್ಳಿಯಲ್ಲಿ ಗೆದ್ದ ಎರಡು ರಂಗಮಂದಿರಗಳು ನಮ್ಮ ಅಕ್ಕಪಕ್ಕದ ಜಿಲ್ಲೆಗಳಲ್ಲೇ ಇವೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ. ಊರದೇವರ ಹೆಸರಲ್ಲೇ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅಡಿಕೆ ಬೆಳೆಗಾರರಾದ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನಾಟಕ ಆಡುತ್ತಾ ಹೋದರು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ 23 ವರ್ಷ. ಕಟ್ಟಡ ಬರುವ ಹೊತ್ತಿಗೆ ಅದರೊಳಗೆ ಏನು ಬೇಕು, ಏನು ಬೇಡ ಎಂದು ಆ ಊರಿಗೆ ಗೊತ್ತಿತ್ತು. ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇನ್ನೊಂದು ನಮಗೆ ಇನ್ನೂ ಹತ್ತಿರ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. ಹತ್ತು ವರ್ಷದ ಮೇಲೆ, 1997ರಲ್ಲಿ, ಶಿವಸಂಚಾರ ತಂಡ ನಾಡು ಸುತ್ತಲು ಹೊರಟಿತು. ಅಲ್ಲಿಯ ಬಯಲು ರಂಗಮಂದಿರ ಗ್ರೀಕ್ ಮಾದರಿಯದು, ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ, ಮೇಲೆ ಆಕಾಶ. ಗ್ರೀಕ್ ಎಂದು ಮೂಗು ಮುರಿಯುವವರಿದ್ದಾರೆ. ನನಗೇನೋ ಅದು ಕೆರೆ ಏರಿಯ ಮೆಟ್ಟಿಲ ಮೇಲೆ ಕೂತು ತೆಪ್ಪೋತ್ಸವ ನೋಡಿದಂತೆ ಪರಿಚಿತವಾಗಿಯೇ ಕಾಣುತ್ತದೆ. ನಾಟಕೋತ್ಸವದ ರಾತ್ರಿಗಳಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರು ಮಕ್ಕಳು ಬಂದು ತುಂಬುತ್ತಾರೆ.

ಎರಡರ ಆಕಾರ ಬೇರೆ ಯಾಕೆ? ಮಳೆ. ಹೆಗ್ಗೋಡು ಸುರಿಯುವ ಮಲೆನಾಡು, ಮಾಡಿಲ್ಲದೆ ಆಗದು. ಸಾಣೇಹಳ್ಳಿ ಒಣಸೀಮೆ, ಬಯಲೇ ಸಾಕು. ಶಿವನಿ ಸಾಣೇಹಳ್ಳಿಯ ಕಡೆಯದು. ಇಲ್ಲಿ ಎಲ್ಲ ಕಡೆ ಗೋಡೆ ಎಬ್ಬಿಸಿ ಒಳಗೆ ಫ್ಯಾನ್ ಹಾಕುವುದು ದಂಡದ ಖರ್ಚು.

ದೂರದ್ದೊಂದು ಕತೆಯನ್ನೂ ಹೇಳಬೇಕು, ಯಾಕೆಂದರೆ ಅದು ನಮ್ಮ ಆಲೆಮನೆಯ ಕತೆ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಸಾಂಗ್‌ಯಾಂಗ್ ಎಂಬ ಬೆಟ್ಟದ ಸೀಮೆಯಲ್ಲಿ ಶಿಂಗ್ ಎಂಬ ಹಳ್ಳಿಯಿದೆ. ಅಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲದಂಥ ಕೆಂಪು ಸಕ್ಕರೆ ಮಾಡುತ್ತಾರೆ. 2016ರಲ್ಲಿ ಶೂ ಟಿಯಾನ್‌ಟಿಯಾನ್ ಎಂಬ ಮಹಿಳಾ ವಾಸ್ತುಶಿಲ್ಪಿ ಅಲ್ಲಿಗೆ ಒಂದು ಹೊಸ ಆಲೆಮನೆ ಮಾಡಿಕೊಟ್ಟರು. ಕಬ್ಬಿನ ಕಾಲದಲ್ಲಿ ಒಲೆ ಉರಿಯುತ್ತದೆ, ಹೊರಗಿನಿಂದ ಬಂದವರು ನಿಂತು ನೋಡುತ್ತಾರೆ. ಕಬ್ಬು ಮುಗಿದ ಮೇಲೆ ಅದೇ ಜಾಗದಲ್ಲಿ ಊರವರ ಸಭೆ, ಗೊಂಬೆಯಾಟ. ಸುಗ್ಗಿ ಮುಗಿದ ಕಣದಲ್ಲಿ ನಾವು ಮಾಡುತ್ತಿದ್ದುದನ್ನೇ ಅವರು ಗಾಜು ಕಬ್ಬಿಣದಲ್ಲಿ ಮಾಡಿದ್ದಾರೆ. ಅಲ್ಲಿ ರಂಗಭೋಗದ ಪ್ರಶ್ನೆಗೂ ಉತ್ತರವಿದೆ, ಕಟ್ಟಡವೇ ದುಡಿಯುತ್ತದೆ.

ನಮ್ಮ ಕಡೆ ಅಡಿಕೆ ಒಣಗಿಸಲು ಅಂಗಳ ಬೇಕು, ಈರುಳ್ಳಿ ಹರಡಲು ಗಾಳಿಯಾಡುವ ನೆರಳು ಬೇಕು. ಅಂಥ ಒಂದು ಕಣ, ಅದರ ಒಂದು ಪಕ್ಕಕ್ಕೆ ಮೂರು ಕಡೆ ತೆರೆದ ಒಂಬತ್ತಂಕಣದ ಮಂಟಪ, ಸುತ್ತ ಕೂರಲು ಜಗಲಿ, ಹಿಂದೆ ವೀರಗಾಸೆಯವರ ಕತ್ತಿ, ಡೊಳ್ಳು, ತಮಟೆ ಇಡಲು ಬೀಗವಿರುವ ಒಂದು ಕೋಣೆ, ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಇನ್ನೊಂದು. ಸುಗ್ಗಿಯಲ್ಲಿ ಕಣದ ಬಾಡಿಗೆ ಬರುತ್ತದೆ. ಮುಂದೆ ಹೊಯ್ಸಳ ಗೋಪುರದ ಸಿಮೆಂಟ್ ನಕಲು ಬೇಡವೇ ಬೇಡ.

ಶಿವನಿ ಸುತ್ತಿನ ಯಾವುದಾದರೂ ಊರಿನ ಗ್ರಾಮಸಭೆಯಲ್ಲಿ ಹೊಸ ಭವನದ ಮಾತು ಬಂದರೆ ನಕ್ಷೆ ನೋಡುವ ಮೊದಲು ಒಂದು ಠರಾವು ಬರೆಸಿ. ಬಾಡಿಗೆಯಲ್ಲಿ ಇಷ್ಟು ಪಾಲು ರಿಪೇರಿಗೆ, ಇಷ್ಟು ಪಾಲು ಕಲಿಸುವವರಿಗೆ, ಕೀಲಿಕೈ ಆಡುವ ತಂಡದ ಹತ್ತಿರ. ಕಲ್ಲಿನ ಮೇಲೆ ಹೆಸರು ಕೆತ್ತಿಸುವಾಗ ಈ ಮೂರು ಸಾಲಿಗೂ ಜಾಗ ಬಿಡಲು ಹೇಳಿ.