ಜೊತೆಗೆ ಬಂದ ಚೀಟಿ ಏನಾಗಬೇಕು? ಶೋನ್‌ಫಿಂಕೆಲ್‌ನಿಂದ ಪ್ರೊಫಂಕ್ಟರ್‌ವರೆಗೆ ಒಂದು ನೂರು ವರ್ಷದ ಕಥೆ

(ಸಂಚಿಕೆಯ ಲಿಖಿತ ರೂಪ)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಬಸ್ಸಲ್ಲಿದ್ರೂ ಸರಿ, ಅಡುಗೆಮನೇಲಿದ್ರೂ ಸರಿ. ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆ ಇಲ್ಲ. ಪ್ರೋಗ್ರಾಮಿಂಗ್ ಲೋಕದ ಒಂದು ಪುಟ್ಟ ಪ್ರಶ್ನೆಯ ಇತಿಹಾಸ ಹೇಳ್ತೀನಿ. ಕೋಡ್ ಬರೆಯೋಕೆ ಬರದಿದ್ದರೂ ಪರವಾಗಿಲ್ಲ, ಹಿಟ್ಟಿನ ಗಿರಣಿ ನೋಡಿದ್ದರೆ ಸಾಕು.

ಗಿರಣಿಗೆ ರಾಗಿ ಹಾಕಿದರೆ ಹಿಟ್ಟು ಬರುತ್ತೆ. ಅದಕ್ಕೆ ಮುಂಚೆ ರಾಗಿ ಕೇರಬೇಕು, ಆಮೇಲೆ ಹಿಟ್ಟು ಜರಡಿ ಹಿಡಿಯಬೇಕು. ಕೇರು, ಬೀಸು, ಜರಡಿ ಹಿಡಿ. ಒಂದರಿಂದ ಹೊರಗೆ ಬಂದದ್ದು ಇನ್ನೊಂದರ ಒಳಗೆ ಹೋಗುತ್ತೆ. ಇದೇ ಫಂಕ್ಷನ್ ಕಾಂಪೊಸಿಷನ್. ಏನು ಒಳಗೆ ಹೋಗುತ್ತೆ, ಏನು ಹೊರಗೆ ಬರುತ್ತೆ ಅಂತ ಮೊದಲೇ ಬರೆದಿಟ್ಟರೆ ಅದು ಟೈಪ್. ಜರಡಿಗೆ ತಪ್ಪಿ ತೆಂಗಿನಕಾಯಿ ಹಾಕೋಕೆ ಹೋದರೆ, ಕೆಲಸ ಶುರುವಾಗೋ ಮುಂಚೆಯೇ ಟೈಪ್ ತಡೆಯುತ್ತೆ.

ಈಗ ತೊಡಕು. ನೀವು ರಾಗಿ ಚೀಲದ ಜೊತೆ ನಿಮ್ಮ ಹೆಸರಿನ ಚೀಟಿಯನ್ನೂ ಕೊಟ್ಟಿದ್ದೀರಿ. ರಾಗಿ ಬೀಸಬೇಕು, ಚೀಟಿ ಬೀಸಬಾರದು. ಆದರೆ ಚೀಟಿ ಕಳೆದುಹೋಗಲೂ ಬಾರದು, ಹೋದರೆ ನಿಮ್ಮ ಹಿಟ್ಟು ಬೇರೆಯವರ ಮನೆ ಸೇರುತ್ತೆ. ಹೀಗೆ ಜೋಡಿಯಾಗಿ ಬರೋದಕ್ಕೆ ಟ್ಯೂಪಲ್ ಅಂತ ಹೆಸರು. ನಿಮ್ಮ ಫೋನಲ್ಲೂ ಇದೇ ಪಾಡು. ಆರ್ಡರ್ ಒಳಗೆ ವಿಳಾಸ, ವಿಳಾಸದ ಒಳಗೆ ಪಿನ್‌ಕೋಡ್. ಪಿನ್‌ಕೋಡ್ ತಿದ್ದಿದ ಕೂಡಲೇ ಫೋನ್ ನಂಬರ್ ಅಳಿಸಿಹೋದರೆ ಊಟ ತಂದವರು ನಿಮ್ಮ ಬೀದಿಯಲ್ಲಿ ಅಲೆಯಬೇಕಾಗುತ್ತೆ. ಅದೇ ಆಸ್ಪತ್ರೆಯ ದಾಖಲೆ ಆಗಿದ್ದರೆ? ಮುಟ್ಟದೇ ಇರಬೇಕಾದ್ದನ್ನು ಮುಟ್ಟಿಲ್ಲ ಅಂತ ಖಾತ್ರಿ ಕೊಡೋರು ಯಾರು? ನಮ್ಮ ಕಥೆ ಪೂರ್ತಿ ಈ ಚೀಟಿಯದ್ದೇ.

ಮೊದಲ ಉತ್ತರ: ಜೋಡಿಯೇ ಬೇಡ

1920. ಜರ್ಮನಿಯ ಗಾಟಿಂಗೆನ್. ಡೇವಿಡ್ ಹಿಲ್ಬರ್ಟ್ ಅವರ ಗಣಿತಜ್ಞರ ಬಳಗದ ಮುಂದೆ ಮೋಸೆಸ್ ಶೋನ್‌ಫಿಂಕೆಲ್ ಒಂದು ಉಪನ್ಯಾಸ ಕೊಟ್ಟರು. ಅದು ಲೇಖನವಾಗಿ ಅಚ್ಚಾದದ್ದು 1924ರಲ್ಲಿ. ಅವರು ಹೇಳಿದ್ದು ಇಷ್ಟು: ಎರಡು ವಸ್ತು ಬೇಡುವ ಫಂಕ್ಷನ್‌ಗೆ ಎರಡನ್ನೂ ಒಟ್ಟಿಗೆ ಕೊಡಬೇಕಾಗಿಲ್ಲ. ಮೊದಲು ಒಂದು ಕೊಡಿ. ಆಗ ಸಿಗೋದು ಉತ್ತರ ಅಲ್ಲ, ಎರಡನೆಯದಕ್ಕೆ ಬಾಯಿ ತೆರೆದು ಕಾಯುವ ಇನ್ನೊಂದು ಫಂಕ್ಷನ್. ಅದಕ್ಕೆ ಎರಡನೆಯದು ಕೊಡಿ, ಉತ್ತರ ತಗೊಳ್ಳಿ. ಅಲ್ಲಿಗೆ ಲೋಕದಲ್ಲಿ ಒಂದೇ ವಸ್ತು ಬೇಡುವ ಫಂಕ್ಷನ್‌ಗಳಿದ್ದರೆ ಸಾಕು.

ಇದಕ್ಕೂ ಮುಂಚೆ, 1893ರಲ್ಲೇ, ಗಾಟ್ಲಾಬ್ ಫ್ರೆಗೆ ಇದೇ ಉಪಾಯ ಬಳಸಿದ್ದರು. ಆದರೆ ಇವತ್ತು ಇದರ ಹೆಸರು ಫ್ರೆಗೆಯದೂ ಅಲ್ಲ, ಶೋನ್‌ಫಿಂಕೆಲ್‌ದೂ ಅಲ್ಲ. ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಇದನ್ನು ದೊಡ್ಡದಾಗಿ ಬೆಳೆಸಿದರು, ಹಾಗಾಗಿ ಇದು ಕರಿಯಿಂಗ್ ಆಯಿತು. ಕರಿ ಅವರೇ ಶೋನ್‌ಫಿಂಕೆಲ್ ಹೆಸರನ್ನು ನೆನೆದಿದ್ದಾರೆ, ಆದರೆ ಜನರ ಬಾಯಲ್ಲಿ ನಿಂತದ್ದು ಇನ್ನೊಂದು ಹೆಸರು. ಶೋನ್‌ಫಿಂಕೆಲ್ ಮಾಸ್ಕೋಗೆ ಹೋದರು, ಮಾನಸಿಕ ಕಾಯಿಲೆಗೆ ಬಿದ್ದರು, ಬಡತನದಲ್ಲೇ ತೀರಿಕೊಂಡರು. ಅವರ ಕಾಗದಪತ್ರಗಳನ್ನು ಅಕ್ಕಪಕ್ಕದವರು ಚಳಿ ಕಾಯಿಸೋಕೆ ಒಲೆಗೆ ಹಾಕಿದರು ಅಂತ ಹೇಳ್ತಾರೆ. ನನಗೆ ಈ ಕಥೆಯಲ್ಲಿ ತುಂಬಾ ಕಾಡೋ ಭಾಗ ಇದು. ಇವತ್ತು ಎಷ್ಟೋ ಭಾಷೆಗಳ ಅಡಿಪಾಯದಲ್ಲಿರೋ ಒಂದು ಯೋಚನೆಯನ್ನು ಅಚ್ಚಿಗೆ ಕೊಟ್ಟ ಮನುಷ್ಯ, ಅವರ ಕೈಬರಹ ಬೂದಿ.

ಎರಡನೇ ಉತ್ತರ: ಜೋಡಿ ಕಟ್ಟೋದನ್ನೇ ಕಲಿಯೋಣ

1977ರ ಅಕ್ಟೋಬರ್, ಅಮೆರಿಕದ ಸಿಯಾಟಲ್. ಜಾನ್ ಬ್ಯಾಕಸ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾತಾಡ್ತಾ ಇದ್ದಾರೆ. 1957ರಲ್ಲಿ ಐಬಿಎಂನಿಂದ ಹೊರಬಂದ ಫೋರ್ಟ್ರಾನ್ ಭಾಷೆಯ ತಂಡದ ನಾಯಕ ಅವರು. ಅಂಥವರು ವೇದಿಕೆ ಹತ್ತಿ ಹೇಳಿದ್ದೇನು? ಫೋರ್ಟ್ರಾನ್ ಥರದ ಭಾಷೆಗಳ ದಾರಿಯೇ ಸರಿಯಿಲ್ಲ, ಒಂದೊಂದೇ ಪದವನ್ನು ಮೆಮೊರಿಯಿಂದ ಎತ್ತಿ ಇಡೋ ಈ ರೀತಿ ಇಕ್ಕಟ್ಟಿನ ಬಾಟಲಿ ಕತ್ತಿನ ಹಾಗೆ, ಇದರಿಂದ ಬಿಡುಗಡೆ ಬೇಕು ಅಂತ. ತಾವೇ ಕಟ್ಟಿದ ಮನೆಯ ಗೋಡೆ ಬಿರುಕು ಬಿಟ್ಟಿದೆ ಅಂತ ತುಂಬಿದ ಸಭೆಯಲ್ಲಿ ಹೇಳೋಕೆ ಗಂಡೆದೆ ಬೇಕು.

ಅವರು ಕೊಟ್ಟ ಬದಲಿ ಎಫ್‌ಪಿ ಅನ್ನೋ ಶೈಲಿ. ಅದರಲ್ಲಿ ಫಂಕ್ಷನ್‌ಗಳನ್ನು ಪೋಣಿಸೋದೇ ಮುಖ್ಯ ಕೆಲಸ. ಅವರ ಉದಾಹರಣೆ ನೋಡಿ. ಒಂದು ಜೋಡಿ ಪಟ್ಟಿ ಇದೆ: 1, 2, 3 ಮತ್ತು 6, 5, 4. ಮೊದಲು ಎದುರುಬದುರು ಇರೋದನ್ನು ಜೋಡಿ ಮಾಡು. ಆಮೇಲೆ ಪ್ರತಿ ಜೋಡಿಯನ್ನು ಗುಣಿಸು: 6, 10, 12. ಕೊನೆಗೆ ಕೂಡು: 28. ಮೂರು ಫಂಕ್ಷನ್, ಒಂದು ಸರಪಳಿ, ಮಧ್ಯದಲ್ಲಿ ಎಣಿಕೆ ಇಡೋ ವೇರಿಯಬಲ್ ಒಂದೂ ಇಲ್ಲ. ಜೊತೆಗೆ ಒಂದೇ ವಸ್ತುವನ್ನು ಎರಡು ಫಂಕ್ಷನ್‌ಗೆ ಕೊಟ್ಟು, ಎರಡು ಉತ್ತರಗಳನ್ನು ಜೋಡಿಯಾಗಿ ಕಟ್ಟೋ ವಿಧಾನವನ್ನೂ ಅವರು ಭಾಷೆಯೊಳಗೇ ಇಟ್ಟರು. ಅಂದರೆ ಜೋಡಿಯನ್ನು ಓಡಿಸಲಿಲ್ಲ, ಕೂರಿಸಿ ಕೆಲಸ ಕೊಟ್ಟರು.

ಎಫ್‌ಪಿಯಲ್ಲಿ ಟೈಪ್‌ಗಳ ಕಾವಲು ಇರಲಿಲ್ಲ. ಆ ಕಾವಲು ಎಡಿನ್‌ಬರೋದಲ್ಲಿ ಬೆಳೀತಾ ಇತ್ತು. 1978ರಲ್ಲಿ ರಾಬಿನ್ ಮಿಲ್ನರ್ ಎಂಎಲ್ ಭಾಷೆಯ ಟೈಪ್ ಸಿದ್ಧಾಂತ ಬರೆದರು: ನೀವು ಟೈಪ್ ಬರೆಯದಿದ್ದರೂ ಯಂತ್ರ ತಾನೇ ಊಹಿಸಿ ಪರೀಕ್ಷಿಸುತ್ತೆ. ಎಂಎಲ್ ಬಳಗದವರು ಎರಡು ವಸ್ತುವನ್ನು ಟ್ಯೂಪಲ್ ಆಗಿ ಕೊಡೋದನ್ನೇ ಹೆಚ್ಚು ರೂಢಿ ಮಾಡಿಕೊಂಡರು. 1987ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಸೇರಿದ ಸಂಶೋಧಕರು ಎಲ್ಲರಿಗೂ ಒಂದಾಗೋ ಹೊಸ ಭಾಷೆಗೆ ಕೈ ಹಾಕಿದರು. 1990ರ ಏಪ್ರಿಲ್ 1ರಂದು ಅದರ ಮೊದಲ ವರದಿ ಬಂತು. ಅದು ಕರಿಯಿಂಗ್ ಹಾದಿ ಹಿಡಿದ ಭಾಷೆ, ಹೆಸರೂ ಹ್ಯಾಸ್ಕೆಲ್. ಕರಿ ಅವರು ಆಗಲೇ ತೀರಿಕೊಂಡಿದ್ದರು. ಹೆಸರಿಡೋಕೆ ಒಪ್ಪಿಗೆ ಕೇಳೋಕೆ ಹೋದಾಗ ಅವರ ಪತ್ನಿ ಒಪ್ಪಿದರು, ಹೊರಡುವ ಹೊತ್ತಿಗೆ ಮಾತ್ರ ಅಂದರಂತೆ, ಅವರಿಗೆ ಹ್ಯಾಸ್ಕೆಲ್ ಅನ್ನೋ ಹೆಸರೇ ಇಷ್ಟವಿರಲಿಲ್ಲ ಅಂತ!

ಇದೆಲ್ಲ ಬರೀ ಪಾಠಶಾಲೆಯ ಆಟ ಅಂದ್ಕೋಬೇಡಿ. 2015ರಲ್ಲಿ ಫೇಸ್‌ಬುಕ್ ತನ್ನ ಸ್ಪ್ಯಾಮ್ ತಡೆಯುವ ಸಿಗ್ಮಾ ವ್ಯವಸ್ಥೆಯ ನಿಯಮಗಳನ್ನು ಹ್ಯಾಸ್ಕೆಲ್‌ಗೆ ಬದಲಿಸಿರೋದಾಗಿ ಹೇಳಿತು. ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ವಿನಂತಿ ನೋಡೋ ವ್ಯವಸ್ಥೆ ಅದು.

ಮೂರನೇ ಉತ್ತರ: ಚೀಟಿ ದಾಟಿಸೋದು ಯಂತ್ರದ ಜವಾಬ್ದಾರಿ

ಎಲ್ಲ ಯಂತ್ರವೂ ಸರಳ ಫಂಕ್ಷನ್ ಅಲ್ಲ. ಕೆಲವು ನೆನಪು ಇಟ್ಕೊಳ್ಳುತ್ತವೆ, ಕೆಲವು ಸೋಲುತ್ತವೆ, ಕೆಲವು ಹೊರಗಿನ ಲೋಕದ ಜೊತೆ ಮಾತಾಡುತ್ತವೆ. ಅಂಥವನ್ನು ಪೋಣಿಸೋಕೆ ಮೊನಾಡ್ ಅನ್ನೋ ವಿಧಾನ ಬಂತು. ಆದರೆ 1996ರಲ್ಲಿ ಸ್ವಿಯರ್‌ಸ್ಟ್ರಾ ಮತ್ತು ಡುಪೋನ್‌ಷೀಲ್ ಬರೆದ ಒಂದು ಪಾರ್ಸರ್ ಆ ಚೌಕಟ್ಟಿಗೆ ಕೂರಲಿಲ್ಲ. ಅದು ಓಡೋ ಮುಂಚೆಯೇ ತನ್ನ ಬಗ್ಗೆ ಕೆಲವು ವಿಷಯ ಲೆಕ್ಕ ಹಾಕಿ ಇಟ್ಕೊಳ್ತಾ ಇತ್ತು. ಮೊನಾಡ್‌ನಲ್ಲಿ ಮುಂದಿನ ಹೆಜ್ಜೆ ಏನು ಅಂತ ತಿಳಿಯೋದೇ ಓಡಿದ ಮೇಲೆ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದ ಜಾನ್ ಹ್ಯೂಸ್ 2000ದಲ್ಲಿ ಇದಕ್ಕೆ ಆರೋ ಅಂತ ಪರಿಹಾರ ಕೊಟ್ಟರು. ಆರೋ ಆಗಬೇಕಾದ ಯಂತ್ರಕ್ಕೆ ಮೂರು ಷರತ್ತು. ಒಂದು, ಯಾವುದೇ ಸಾಮಾನ್ಯ ಫಂಕ್ಷನ್ ಅನ್ನು ನಿನ್ನ ಥರದ ಯಂತ್ರ ಮಾಡೋಕೆ ಬರಬೇಕು. ಎರಡು, ಇಂಥ ಎರಡು ಯಂತ್ರಗಳನ್ನು ಪೋಣಿಸೋಕೆ ಬರಬೇಕು. ಮೂರು, ಇದೇ ನಮ್ಮ ಚೀಟಿ: ಜೋಡಿ ಕೊಟ್ಟರೆ ಮೊದಲನೆಯದರ ಮೇಲೆ ಮಾತ್ರ ಕೆಲಸ ಮಾಡಿ, ಎರಡನೆಯದನ್ನು ಇದ್ದಂತೇ ದಾಟಿಸಬೇಕು. ಮೂರನೆಯದಕ್ಕೆ ಹ್ಯೂಸ್ ಇಟ್ಟ ಹೆಸರು ಫಸ್ಟ್. ಇದು ಇಲ್ಲದಿದ್ದರೆ ಮೊದಲ ಹೆಜ್ಜೆಯಲ್ಲಿ ಸಿಕ್ಕಿದ್ದನ್ನು ಮೂರನೇ ಹೆಜ್ಜೆವರೆಗೆ ಕಾಪಾಡಿಕೊಂಡು ಹೋಗೋಕೆ ಆಗಲ್ಲ.

ನಾಲ್ಕನೇ ಉತ್ತರ: ಕಡಿಮೆ ಕೇಳೋಣ

ಆರೋದ ಮೊದಲ ಷರತ್ತು ಸ್ವಲ್ಪ ದುಬಾರಿ. ಎಲ್ಲ ಯಂತ್ರಕ್ಕೂ ಅದು ಸಾಧ್ಯವಿಲ್ಲ. ಹಾಗಾದರೆ ಅದಕ್ಕಿಂತ ಕಡಿಮೆ ಕೇಳಬಹುದಾ?

ಉತ್ತರ ಗಣಿತದಲ್ಲಿ ಮೊದಲೇ ಇತ್ತು. ಫ್ರಾನ್ಸಿನ ಜಾನ್ ಬೆನಬೂ 1973ರಲ್ಲಿ ಬೆಲ್ಜಿಯಂನ ಲೂವಾಂನಲ್ಲಿ ಇದರ ಬಗ್ಗೆ ಬರೆದಿದ್ದರು. ಅವರು ಅದನ್ನು ಡಿಸ್ಟ್ರಿಬ್ಯೂಟರ್ ಅಂತ ಕರೆದರು, ಪ್ರೊಫಂಕ್ಟರ್ ಅಂದರೂ ಅದೇ. ಪ್ರೋಗ್ರಾಮರ್‌ಗಳ ಭಾಷೆಯಲ್ಲಿ ಹೇಳಬೇಕಂದ್ರೆ ಮತ್ತೆ ಗಿರಣಿಗೆ ಬನ್ನಿ. ಗಿರಣಿ ತಿನ್ನೋದು ರಾಗಿ, ನಿಮ್ಮ ಹತ್ತಿರ ಇರೋದು ತೆನೆ. ತೆನೆ ಒಕ್ಕಿ ರಾಗಿ ಮಾಡೋ ಕೆಲಸವನ್ನು ಗಿರಣಿಯ ಬಾಯಿಗೆ ಜೋಡಿಸಿ. ರೊಟ್ಟಿ ತಟ್ಟೋ ಕೆಲಸವನ್ನು ಹೊರಬಾಗಿಲಿಗೆ ಜೋಡಿಸಿ. ಈಗ ತೆನೆ ಹಾಕಿದರೆ ರೊಟ್ಟಿ! ಗಿರಣಿಯ ಕಲ್ಲನ್ನು ಯಾರೂ ಮುಟ್ಟಲಿಲ್ಲ. ಹೀಗೆ ಎರಡೂ ತುದಿ ಬದಲಿಸೋಕೆ ಬಿಟ್ಟರೆ ಆ ಯಂತ್ರ ಪ್ರೊಫಂಕ್ಟರ್. ಪೋಣಿಸೋಕೆ ಬರಬೇಕು ಅನ್ನೋ ಷರತ್ತೂ ಇಲ್ಲ. ಇದರ ಮೇಲೆ ಚೀಟಿ ದಾಟಿಸೋ ಶಕ್ತಿ ಸೇರಿಸಿದರೆ ಅದು ಸ್ಟ್ರಾಂಗ್ ಪ್ರೊಫಂಕ್ಟರ್. ಎಡ್ವರ್ಡ್ ಕ್ಮೆಟ್ ಇವನ್ನೆಲ್ಲ ಹ್ಯಾಸ್ಕೆಲ್‌ನ ಲೈಬ್ರರಿಯಾಗಿ ಕೊಟ್ಟರು.

ಈಗ ಪಿನ್‌ಕೋಡ್‌ಗೆ ವಾಪಸ್. ವಿಳಾಸವನ್ನು ಜೋಡಿಯಾಗಿ ಒಡೆಯಿರಿ: ಪಿನ್‌ಕೋಡ್ ಒಂದು ಕಡೆ, ಉಳಿದದ್ದೆಲ್ಲ ಚೀಟಿ. ಪಿನ್‌ಕೋಡ್ ಮಾತ್ರ ಯಂತ್ರದೊಳಗೆ ಹೋಗಲಿ. ಹೊರಬಂದ ಮೇಲೆ ಜೋಡಿಯನ್ನು ಮತ್ತೆ ವಿಳಾಸವಾಗಿ ಕೂಡಿಸಿ. ಒಡೆಯೋದು ಬಾಯಿಗೆ, ಕೂಡಿಸೋದು ಹೊರಬಾಗಿಲಿಗೆ, ಮಧ್ಯದಲ್ಲಿ ಚೀಟಿ ದಾಟಿಸೋ ಯಂತ್ರ. ಇದೇ ಲೆನ್ಸ್. ಪಿನ್‌ಕೋಡ್ ಯಂತ್ರ ಕೊಟ್ಟರೆ ವಿಳಾಸದ ಯಂತ್ರ ಕೊಡುತ್ತೆ. ಇನ್ನೊಂದು ಲೆನ್ಸ್ ವಿಳಾಸದ ಯಂತ್ರವನ್ನು ಆರ್ಡರ್ ಯಂತ್ರ ಮಾಡುತ್ತೆ. ಯಂತ್ರದಿಂದ ಯಂತ್ರಕ್ಕೆ ಹೋಗೋ ಈ ಲೆನ್ಸ್‌ಗಳೂ ಫಂಕ್ಷನ್‌ಗಳೇ ತಾನೇ? ಹಾಗಾಗಿ ಎರಡನ್ನೂ ಪೋಣಿಸೋಕೆ ಹೊಸ ಉಪಕರಣ ಬೇಕಿಲ್ಲ, ಮಾಮೂಲಿ ಫಂಕ್ಷನ್ ಕಾಂಪೊಸಿಷನ್ ಸಾಕು.

ಕಡಿಮೆ ಕೇಳಿದ್ದರ ಲಾಭ ಇಲ್ಲಿದೆ. ತಿದ್ದೋ ಯಂತ್ರ ಕೊಟ್ಟರೆ ಆ ಲೆನ್ಸ್ ಪಿನ್‌ಕೋಡ್ ತಿದ್ದುತ್ತೆ. ಬರೀ ನೋಡಿ ಹೇಳೋ ಯಂತ್ರ ಕೊಟ್ಟರೆ ಅದೇ ಲೆನ್ಸ್ ಪಿನ್‌ಕೋಡ್ ಓದಿ ಹೇಳುತ್ತೆ. ಆರೋದ ಷರತ್ತಿಗೆ ಕೂರದ ಆ ನೋಡೋ ಯಂತ್ರಕ್ಕೂ ಇಲ್ಲಿ ಜಾಗ ಉಂಟು. ಪಿಕರಿಂಗ್, ಗಿಬ್ಬನ್ಸ್ ಮತ್ತು ವು 2017ರಲ್ಲಿ ಈ ಇಡೀ ಕುಟುಂಬವನ್ನು ಪ್ರೊಫಂಕ್ಟರ್ ಆಪ್ಟಿಕ್ಸ್ ಅನ್ನೋ ಹೆಸರಲ್ಲಿ ಅಚ್ಚುಕಟ್ಟಾಗಿ ವಿವರಿಸಿದರು.

ಇನ್ನೊಂದು ಮಾತು. ಈ ಲೆನ್ಸ್‌ನಲ್ಲಿ ಚೀಟಿಯಲ್ಲಿ ಏನಿದೆ ಅಂತ ಯಂತ್ರಕ್ಕೆ ಗೊತ್ತೇ ಇರಲ್ಲ. ಗೊತ್ತಿಲ್ಲದ್ದನ್ನು ತಿದ್ದೋಕೂ ಆಗಲ್ಲ. ಮುಟ್ಟಬೇಡ ಅಂತ ಬೋರ್ಡ್ ಹಾಕೋ ಬದಲು ಕೈಗೆ ಸಿಗದ ಹಾಗೆ ಇಡೋದು ಅಂದರೆ ಇದೇ. ನಮ್ಮ ಡೇಟಾ ಯಾರ್ಯಾರ ಕೈ ದಾಟಿ ಹೋಗುತ್ತೋ ಲೆಕ್ಕವಿಲ್ಲದ ಈ ಕಾಲದಲ್ಲಿ, ಮಧ್ಯದವರಿಗೆ ಎಷ್ಟು ಕಾಣಿಸಬೇಕೋ ಅಷ್ಟೇ ಕಾಣಿಸೋ ಈ ಶಿಸ್ತು ಕೋಡ್ ಬರೆಯೋರಿಗೆ ಮಾತ್ರ ಸೇರಿದ್ದಲ್ಲ ಅಂತ ನನಗನಿಸುತ್ತೆ.

ಇವತ್ತಿಗೆ ಇಷ್ಟು. ಕೋಡಿಂಗ್ ಕಲೀತಾ ಇರೋ ಗೆಳೆಯರಿದ್ದರೆ ಅವರಿಗೂ ಈ ಸಂಚಿಕೆ ಕಳಿಸಿ.