ಊರಿಗೆ ಬಂದ ತಂತಿ, ಕೇರಿಗೆ ಬಾರದ ತಂತಿ

2020ರ ಮಳೆಗಾಲ. ಕೊರೊನಾ ಬಂದು ಶಾಲೆ ಕಾಲೇಜುಗಳಿಗೆ ಬೀಗ ಬಿದ್ದಿತ್ತು. ಇನ್ನು ಪಾಠವೆಲ್ಲ ಫೋನಿನಲ್ಲೇ ಎಂದರು. ಎರಡು ಮೇಕೆ ಮಾರಿ ತಂದ ಫೋನಿಗೆ ನಮ್ಮ ಕೇರಿಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ನಾವು ಆರು ಜನ ಹುಡುಗ ಹುಡುಗಿಯರು ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಹೋಗಿ ಕೂರುತ್ತಿದ್ದೆವು. ಮಳೆ ಹನಿದರೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದು ಪಾಠ ಕೇಳುತ್ತಿದ್ದೆವು.

ಒಂದು ದಿನ ಪಂಚಾಯಿತಿ ಕಚೇರಿಯ ಕಿಟಕಿಯಲ್ಲಿ ಇಣುಕಿದಾಗ ಗೋಡೆಗೆ ಹೊಡೆದಿದ್ದ ಒಂದು ಪೆಟ್ಟಿಗೆ ಕಂಡಿತು. ಒಳಗೆ ಹಸಿರು ದೀಪ ಪಿಳಿಪಿಳಿ ಅನ್ನುತ್ತಿತ್ತು. ಅದೇನೆಂದು ಅಲ್ಲಿದ್ದವರನ್ನು ಕೇಳಿದೆವು. "ಅದು ನೆಟ್ ಬರೋ ಫೈಬರ್ ಕಣ್ರೋ. ಆಫೀಸಿಗೆ ಬಂದಿರೋದು, ನಿಮಗಲ್ಲ. ಊರಿಗೆ ನೆಟ್ ಬಂತು ಅಂತ ಆಗ್ಲೇ ಬರ್ದು ಕಳ್ಸಾಗದೆ" ಅಂದರು. ಮನೆಗೆ ಬಂದು ಹೇಳಿದರೆ ನಮ್ಮವ್ವ ನಕ್ಕಳು. "ಲೈಟ್ ಕಂಬಾನೂ ಹಿಂಗೇಯ ಬಂದಿದ್ದು ಮಗಾ. ಊರ್ಗೆ ಬಂದ ಕಂಬ ಕೇರಿಗೆ ಬರಕ್ಕೆ ಎಷ್ಟು ವರ್ಷ ಹಿಡೀತು ಅಂತ ನಿಮ್ಮಜ್ಜನ ಕೇಳು."

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಈ ದೇಶದಲ್ಲಿ ತಂತಿ ಎಳೆದವರ ಚರಿತ್ರೆಯನ್ನು ಒಂದು ಮಾತಲ್ಲಿ ಹೇಳಿಬಿಟ್ಟಳು. ಮನೆಮನೆಗೂ ವೇಗದ ಇಂಟರ್ನೆಟ್ ತಲುಪಿಸಲು ಸರ್ಕಾರ ಹಣ ಹಾಕಬೇಕೋ ಬೇಡವೋ ಎಂದು ಬಲ್ಲವರು ಚರ್ಚೆ ಮಾಡುತ್ತಿದ್ದಾರೆ. ಆ ಚರ್ಚೆಗೆ ನಾವು ಅವ್ವನ ಮಾತು ಹಿಡಿದೇ ಇಳಿಯಬೇಕಾಗಿದೆ.

ಮೊದಲು ಬಂದದ್ದು ಟೆಲಿಗ್ರಾಂ ತಂತಿ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರ 1851ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರಿಗೆ ಅದನ್ನು ಎಳೆಯಿತು. 1855ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸಾರ್ವಜನಿಕರು ಅಂದರೆ ಯಾರು? ವ್ಯಾಪಾರಿಗಳು, ಅಧಿಕಾರಿಗಳು, ದಂಡಿನವರು. ಎರಡು ವರ್ಷ ಕಳೆದು 1857ರ ದಂಗೆ ಎದ್ದಾಗ ಅದೇ ತಂತಿ ಆಳುವವರ ಕಿವಿಯಾಯಿತು. ನಮ್ಮ ಕೇರಿಗಳಿಗೆ ತಂತಿ ಅಂದರೆ ಒಂದೇ ಅರ್ಥ, ಸಾವಿನ ಸುದ್ದಿ. ಆ ಸುದ್ದಿಯನ್ನೂ ಓದಿಸಿಕೊಳ್ಳಲು ಅಕ್ಷರ ಬಲ್ಲವರ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲಬೇಕಿತ್ತು. 2013ರಲ್ಲಿ ಟೆಲಿಗ್ರಾಂ ನಿಂತುಹೋಯಿತು. ಕೈಕಟ್ಟಿ ನಿಲ್ಲುವುದು ನಿಂತಿತೇ?

ಆಮೇಲೆ ಕರೆಂಟು. 1902ರಲ್ಲಿ ಮೈಸೂರು ಸಂಸ್ಥಾನ ತನ್ನ ಬೊಕ್ಕಸದ ಹಣ ಹಾಕಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ತು ತೆಗೆಯಿತು. ಇದು ನಮ್ಮ ಪಠ್ಯಪುಸ್ತಕಗಳ ಹೆಮ್ಮೆ. ಆ ವಿದ್ಯುತ್ತು ಮೊದಲು ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಗಳ ಯಂತ್ರಗಳಿಗೆ. ದಾರಿಯುದ್ದದ ಹಳ್ಳಿಗಳ ತಲೆ ಮೇಲೆ ತಂತಿ ಹಾದುಹೋಯಿತು. ಕೆಳಗೆ ಸೀಮೆಎಣ್ಣೆ ಬುಡ್ಡಿ ಉರಿಯುತ್ತಲೇ ಇತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದವು. ಗಣಿಯ ಕತ್ತಲಿಗಿಳಿದು ಚಿನ್ನ ತೆಗೆದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಜಿಲ್ಲೆಗಳಿಂದ ಬಂದ ನಮ್ಮ ಜನವೇ, ದಲಿತರೇ.

ಗೆಳೆಯರೇ, ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತಂತಿ ಎಳೆಯಲು ಸರ್ಕಾರ ಹಣ ಹಾಕಬೇಕೇ ಎಂಬ ಪ್ರಶ್ನೆಗೆ 1902ರಲ್ಲೇ ಉತ್ತರ ಸಿಕ್ಕಿದೆ. ಕಂಪನಿಗೆ ಬೇಕಾದಾಗ ಸರ್ಕಾರ ಹಾಕಿದೆ, ಯಾರೂ ಚರ್ಚೆಗೆ ಕೂರಲಿಲ್ಲ. ನಮ್ಮ ಮನೆಯ ಹೆಸರು ಬಂದ ಕೂಡಲೇ ಬೊಕ್ಕಸದ ಚಿಂತೆ ಶುರುವಾಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗಳಿಗೂ ಕಂಬ ಬಂತು. ಆದರೆ ಲೆಕ್ಕ ಹಾಕಿದ ರೀತಿ ನೋಡಿ. 1997ರವರೆಗೆ ಒಂದು ಊರಿನ ಎಲ್ಲೆಯೊಳಗೆ ಯಾವ ಕೆಲಸಕ್ಕಾದರೂ ಸರಿ, ಕರೆಂಟು ಬಳಸಿದರೆ ಆ ಊರು ವಿದ್ಯುದೀಕರಣವಾದಂತೆ. ಗೌಡರ ತೋಟದಲ್ಲಿ ಒಂದು ಪಂಪ್‌ಸೆಟ್ಟು ಓಡಿದರೆ ಸಾಕು, ಇಡೀ ಊರು ಬೆಳಗಿತು ಎಂದು ಕಾಗದದಲ್ಲಿ ಬರೆಯಬಹುದಿತ್ತು. 2004ರಲ್ಲಿ ನಿಯಮ ಬಿಗಿಯಾಯಿತು. ಶಾಲೆ, ಪಂಚಾಯಿತಿಯಂಥ ಜಾಗಗಳಿಗೂ, ನೂರಕ್ಕೆ 10 ಮನೆಗಳಿಗೂ ಕರೆಂಟು ಇರಬೇಕೆಂದಾಯಿತು. ಉಳಿದ 90 ಮನೆ ಕತ್ತಲಲ್ಲಿದ್ದರೂ ಊರು ಬೆಳಕಿನ ಪಟ್ಟಿಯಲ್ಲಿ. 2018ರ ಏಪ್ರಿಲಿನಲ್ಲಿ ಮಣಿಪುರದ ಲೈಸಾಂಗ್ ಹಳ್ಳಿಗೆ ಕರೆಂಟು ತಲುಪಿತು, ದೇಶದ ಎಲ್ಲ ಹಳ್ಳಿಗಳೂ ಮುಗಿದವು ಎಂದು ಘೋಷಿಸಿದ್ದು ಈ ಲೆಕ್ಕದ ಮೇಲೆಯೇ.

ಆ 10 ಮನೆ ಯಾವುವು, ಆ 90 ಮನೆ ಯಾವುವು ಅಂತ ಬಿಡಿಸಿ ಹೇಳಬೇಕೇ? ನಮ್ಮ ರಾಜ್ಯದಲ್ಲಿ 1979-80ರಲ್ಲಿ ಭಾಗ್ಯಜ್ಯೋತಿ ಯೋಜನೆ ಬಂದು ಗುಡಿಸಲಿಗೆ ಒಂದು ಬಲ್ಬು ಕೊಟ್ಟಿತು. ನಮ್ಮಜ್ಜ ಇವತ್ತಿಗೂ ಆ ಬಲ್ಬಿನ ಮಾತಾಡುತ್ತಾನೆ. ಒಂದೇ ಒಂದು ಬಲ್ಬು. ಆದರೂ ಅದು ಊರಿನ ಹೆಸರಿಗೆ ಬರಲಿಲ್ಲ, ಮನೆಯ ಹೆಸರಿಗೆ ಬಂತು. ವ್ಯತ್ಯಾಸ ಇರುವುದು ಅಲ್ಲೇ.

ಇನ್ನು ಫೋನು. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ನಮ್ಮ ದೂಳು, ಸೆಖೆ ತಡೆಯುವ, ಏಸಿ ಬೇಡದ, ಹಳ್ಳಿಗೆ ಹೊಂದುವ ಪುಟ್ಟ ಎಕ್ಸ್‌ಚೇಂಜನ್ನು ನಮ್ಮ ಎಂಜಿನಿಯರುಗಳೇ ಮಾಡಿದರು. ಅದು ಮೊದಲು ಬಂದು ಕೂತದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು. ಸರ್ಕಾರಿ ಹಣದಿಂದ ಏನೂ ಆಗುವುದಿಲ್ಲ ಎನ್ನುವವರು ಕಿತ್ತೂರನ್ನು ನೆನೆಯಬೇಕು. ಅಲ್ಲಿಂದಾಚೆ ಬೀದಿ ಬೀದಿಗೆ ಎಸ್‌ಟಿಡಿ ಬೂತುಗಳು ಬಂದವು. ಜೇಬಲ್ಲಿ ಚಿಲ್ಲರೆ ಇದ್ದರೆ ಯಾರ ಜಗಲಿಗೂ ಹೋಗದೆ ಬೊಂಬಾಯಿಗೆ ದುಡಿಯಲು ಹೋದ ಮಗನ ದನಿ ಕೇಳಬಹುದಾಯಿತು.

1995ರ ಆಗಸ್ಟ್ 15ರಂದು ಇಂಟರ್ನೆಟ್ ಸಾರ್ವಜನಿಕರಿಗೆ ತೆರೆಯಿತು, ಮೊದಲು ದೊಡ್ಡ ನಗರಗಳಲ್ಲಿ. 2002ರಲ್ಲಿ ಸರ್ಕಾರ ಒಂದು ನಿಧಿ ಮಾಡಿತು. ಫೋನ್ ಕಂಪನಿಗಳ ಆದಾಯದಿಂದ ನೂರಕ್ಕೆ 5 ತೆಗೆದಿಟ್ಟು, ಕಂಪನಿಗಳು ಹೋಗದ ಕಡೆಗೆ ತಂತಿ ಎಳೆಯಲು ಬಳಸಬೇಕು ಎಂದು. ಅದು ಕಂಪನಿಗಳ ದಾನವಲ್ಲ. ನಾವು ರೀಚಾರ್ಜು ಮಾಡಿಸಿದ ದುಡ್ಡಿನ ಪಾಲೇ ಅದು. 2020ರ ಹೊತ್ತಿಗೆ ಆ ನಿಧಿಯಲ್ಲಿ ಹತ್ತಾರು ಸಾವಿರ ಕೋಟಿ ರೂಪಾಯಿ ಖರ್ಚಾಗದೆ ಉಳಿದಿತ್ತು. ನಾವು ಕೆರೆ ಏರಿ ಮೇಲೆ ಗೋಣಿಕೊಪ್ಪೆ ಹೊದ್ದು ಕೂತಿದ್ದ ವರ್ಷವೂ ಅದೇ. 2024ರಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟರು.

2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸುಮಾರು 20,000 ಕೋಟಿ ಖರ್ಚು, ಎರಡು ವರ್ಷದ ಗಡುವು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಒಂದು ಲಕ್ಷ ಪಂಚಾಯಿತಿ ಮುಗಿಯುವಷ್ಟರಲ್ಲಿ 2017ರ ಡಿಸೆಂಬರ್ ಬಂದಿತ್ತು. ತಡವಾದದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕದಲ್ಲಿದೆ. ಕೇಬಲ್ ಪಂಚಾಯಿತಿ ಕಚೇರಿ ಮುಟ್ಟಿದರೆ ಪಂಚಾಯಿತಿ ಮುಗಿಯಿತು. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಸುಮಾರು 6 ಸಾವಿರ, ಹಳ್ಳಿಗಳು 27 ಸಾವಿರಕ್ಕೂ ಹೆಚ್ಚು. ನಾಲ್ಕೈದು ಹಳ್ಳಿಗೆ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಇರುವ ಊರಿನಲ್ಲೂ ಊರು ಬೇರೆ, ಕೇರಿ ಬೇರೆ. ಪಂಪ್‌ಸೆಟ್ಟಿನ ಲೆಕ್ಕವೇ ಪೆಟ್ಟಿಗೆಯ ಲೆಕ್ಕವಾಗಿ ತಿರುಗಿ ಬಂದಿದೆ.

ಇದರ ಫಲ ಏನಾಯಿತು? ಸರ್ಕಾರದ್ದೇ ರಾಷ್ಟ್ರೀಯ ಮಾದರಿ ಸಮೀಕ್ಷೆ 2017-18ರಲ್ಲಿ ಕಂಡದ್ದು: ಇಂಟರ್ನೆಟ್ ಸೌಲಭ್ಯ ಇದ್ದದ್ದು ಪಟ್ಟಣದಲ್ಲಿ ನೂರಕ್ಕೆ 42 ಮನೆಗಳಿಗೆ, ಹಳ್ಳಿಯಲ್ಲಿ ನೂರಕ್ಕೆ 15 ಮನೆಗಳಿಗೆ. ಇದಾಗಿ ಎರಡೇ ವರ್ಷಕ್ಕೆ ಶಾಲೆಗಳು ಫೋನಿನೊಳಗೆ ಹೋದವು. ನಮ್ಮ ರಾಜ್ಯದ ಮೇಷ್ಟ್ರುಗಳು 2020ರ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಮಕ್ಕಳಿದ್ದಲ್ಲಿಗೇ ಹೋಗಿ ಮರದಡಿ, ಜಗಲಿಗಳ ಮೇಲೆ ಪಾಠ ಮಾಡಿದರು. ಆ ಮೇಷ್ಟ್ರುಗಳಿಗೆ ಶರಣು. ಆದರೆ ಯಾರ ಜಗಲಿ? ಗುಡಿಯ ಜಗಲಿಯಲ್ಲಿ ಪಾಠ ಅಂದರೆ ಕೇರಿಯ ಮಗು ಎಲ್ಲಿ ಕೂರಬೇಕು? ಅಕ್ಟೋಬರಿನಲ್ಲಿ ಅದೂ ನಿಂತಿತು.

ಈಗ ವಾದಗಳಿಗೆ ಬರೋಣ. ಮೊದಲ ವಾದ: ಹೊಟ್ಟೆಗೆ ಹಿಟ್ಟಿಲ್ಲದವರಿಗೆ ನೆಟ್ ಯಾಕೆ? ಕೇಳಲು ಚೆಂದ. ಆದರೆ ಹಿಟ್ಟಿಗೇ ನೆಟ್ ಬೇಕೆಂದು ಮಾಡಿದವರು ಯಾರು? ನಮ್ಮಜ್ಜ ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ. ನಮ್ಮವ್ವ ರೇಷನ್ ಅಂಗಡಿಯ ಮಿಷನ್ನಿಗೆ ಹೆಬ್ಬೆಟ್ಟು ಒತ್ತುತ್ತಾಳೆ. ಸರ್ವರ್ ಇಲ್ಲ ಅಂದರೆ ಅಕ್ಕಿ ಇಲ್ಲ, ನಾಳೆ ಬಾ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೂಲಿಗಳ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೊ ತೆಗೆದು ಮೊಬೈಲ್ ಆ್ಯಪಿನಲ್ಲಿ ಹಾಕುವುದು ಕಡ್ಡಾಯವಾಯಿತು. ಫೋಟೊ ಏರದಿದ್ದರೆ ಮೈಮುರಿದು ಮಣ್ಣು ಹೊತ್ತದ್ದಕ್ಕೆ ಲೆಕ್ಕ ಯಾರು ಕೊಡಬೇಕು? ನಮ್ಮಿಂದ ನೆಟ್ ಕೇಳುವ ಸರ್ಕಾರ ನಮಗೆ ನೆಟ್ ಕೊಡುವುದು ಐಷಾರಾಮ ಎಂದು ಹೇಳುವಂತಿಲ್ಲ.

ಎರಡನೇ ವಾದ: ಕಂಪನಿಗಳು ಬರುತ್ತವೆ, ಸರ್ಕಾರ ಸುಮ್ಮನಿರಲಿ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು, ನಿಜ. ನಮ್ಮ ಕವಿತೆಗಳೂ ಅದರಲ್ಲೇ ಓಡಾಡಿವೆ. ಆದರೆ ಮನೆಗೊಂದು ಮೊಬೈಲು ಅಂದರೆ ಅದು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗುತ್ತದೆ. ಮಗಳಿಗೆ ಸಿಗುವುದು ರಾತ್ರಿ, ಚಾರ್ಜು ಮುಗಿದ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ 33. ಮನೆಗೆ ಬಂದ ತಂತಿಯಾದರೆ ಅದು ಅಪ್ಪನ ಹಿಂದೆ ಹೋಗುವುದಿಲ್ಲ, ಮಗಳಿಗೂ ಮನೆಯಲ್ಲೇ ಉಳಿಯುತ್ತದೆ. ಇನ್ನು ಕಂಪನಿಯ ಮಾತು. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೇ 1930ರ ದಶಕದ ಮೊದಲಲ್ಲಿ ಹೊಲದ ಮನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಕರೆಂಟಿರಲಿಲ್ಲ. ಲಾಭವಿಲ್ಲದ ಕಡೆ ಕಂಪನಿ ಕಂಬ ನೆಡಲಿಲ್ಲ. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ರೈತರ ಸಹಕಾರ ಸಂಘಗಳಿಗೆ ಸಾಲ ಕೊಡುವ ಏರ್ಪಾಡು ಮಾಡಿದ ಮೇಲೆ ತಂತಿ ಹಳ್ಳಿಗೆ ನಡೆಯಿತು.

ಮೂರನೆಯದು ವಾದವಲ್ಲ, ಗುಮ್ಮ: ನೆಟ್ ಕೊಟ್ಟರೆ ಹುಡುಗಿಯರು ಕೆಡುತ್ತಾರೆ. ಅಕ್ಷರ ಕೊಟ್ಟಾಗಲೂ ಹೀಗೇ ಅಂದಿದ್ದರು. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿಯನ್ನು ಫೋನಿನ ನಿರ್ಬಂಧ ಒಪ್ಪದ್ದಕ್ಕೆ ಹಾಸ್ಟೆಲಿನಿಂದ ಹೊರಹಾಕಿದರು. ಅವಳು ಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತು. ಅದೇ ರಾಜ್ಯ 2023ರ ಜೂನಿನಲ್ಲಿ ಕೆ-ಫೋನ್ ಎಂಬ ಸರ್ಕಾರಿ ಜಾಲ ತೆರೆದು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತವಾಗಿ ನೆಟ್ ಕೊಡುವ ಗುರಿ ಇಟ್ಟುಕೊಂಡಿತು. ಮೊದಲ ಹಂತಕ್ಕೆ ಗೊತ್ತುಮಾಡಿದ್ದು 14,000 ಮನೆ. ಗುರಿ ಎಲ್ಲಿ, ಆರಂಭ ಎಲ್ಲಿ! ಆದರೂ ಅದು ಮನೆಯನ್ನು ಎಣಿಸಿತು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತಿನ ನೀತಿ ಅವರ ಕೈಯಲ್ಲಿತ್ತು. ಅದು ಖಾಸಗಿಯವರದಾಗಬೇಕೋ ಸರ್ಕಾರದ್ದಾಗಬೇಕೋ ಎಂಬ ಪ್ರಶ್ನೆಯನ್ನು 1943ರಲ್ಲೇ ಎತ್ತಿದ್ದರು. 1947ರ ತಮ್ಮ ಮನವಿಯಲ್ಲಿ ದೇಶದ ಮೂಲ ಉದ್ಯಮಗಳು ಸರ್ಕಾರದ್ದೇ ಆಗಿರಬೇಕು ಎಂದರು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇನ್ನೂ ಮುಖ್ಯವಾದ ಮಾತಾಡಿದರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಹಳ್ಳಿಯನ್ನು ಹೊಗಳುತ್ತಿದ್ದವರಿಗೆ ಆಗ ಕೋಪ ಬಂತು. ಹಳ್ಳಿ ಅಂದರೆ ಒಂದಲ್ಲ, ಎರಡು, ಎಂದು ಅವರು ಉಂಡು ಬಲ್ಲವರು. ಹಳ್ಳಿಗೆ ಕೊಟ್ಟದ್ದು ಕೇರಿಗೆ ಬರುವುದಿಲ್ಲ, ನೀರಿನಿಂದ ಹಿಡಿದು ನೆಟ್‌ವರೆಗೆ.

2023ರ ಆಗಸ್ಟಿನಲ್ಲಿ ಕೇಂದ್ರ ಭಾರತ್‌ನೆಟ್ಟಿಗೆ ಮತ್ತೆ 1,39,579 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಈ ಸಲ ಹಳ್ಳಿಯ 1.5 ಕೋಟಿ ಮನೆಗಳಿಗೆ ಸಂಪರ್ಕ ಕೊಡುವ ಮಾತಿದೆ. ಊರಿನವರೇ ಒಬ್ಬರು ಉದ್ಯಮಿಯಾಗಿ ಮನೆಗಳಿಗೆ ಲೈನು ಕೊಟ್ಟು, ಬಂದ ಹಣದಲ್ಲಿ ಪಾಲು ಪಡೆಯುತ್ತಾರೆ. ಕೇಳಬೇಕಾದ ಪ್ರಶ್ನೆ ಇದು: ಆ ಉದ್ಯಮಿ ಯಾರ ಮಗ? ಅವನು ಏಣಿ ಹೊತ್ತು ಕೇರಿಯೊಳಗೆ ಬರುತ್ತಾನೋ, ಊರಬಾಗಿಲಿಗೇ ನಿಲ್ಲುತ್ತಾನೋ?

ಹಾಗೆಂದು ನೆಟ್ ಬಂದರೆ ಜಾತಿ ಸಾಯುತ್ತದೆಂದು ನಾವು ನಂಬುವುದಿಲ್ಲ. ತಂತಿ ಕೊಟ್ಟ ಕೈ ಅದನ್ನು ಕತ್ತರಿಸಲೂ ಬಲ್ಲದು. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಕತ್ತರಿಸಿತು. ಕೊನೆಯಿಲ್ಲದೆ ಹೀಗೆ ಕತ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಹೇಳಬೇಕಾಯಿತು. ಅಮೆರಿಕದಲ್ಲಿ 2 ಕೋಟಿ 30 ಲಕ್ಷ ಕುಟುಂಬಗಳ ನೆಟ್ ಬಿಲ್ಲಿಗೆ ಕೊಡುತ್ತಿದ್ದ ನೆರವು 2024ರಲ್ಲಿ ಹಣವಿಲ್ಲವೆಂದು ನಿಂತಿತು. ಕರುಣೆಯಿಂದ ಕೊಟ್ಟದ್ದು ಹೀಗೆಯೇ ನಿಲ್ಲುತ್ತದೆ. ಆದ್ದರಿಂದ ನಾವು ಕೇಳುವುದು ಹಕ್ಕಾಗಿ.

ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಬೇಡಿಕೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಪಂಚಾಯಿತಿಗೆ ಬಂದ ಕೇಬಲ್ಲಿನಿಂದ ಎಷ್ಟು ಮನೆಗೆ ಲೈನು ಹೋಗಿದೆ? ಅದರಲ್ಲಿ ಕೇರಿಯ ಮನೆ ಎಷ್ಟು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಮೊದಲ ಲೈನು ಕೇರಿಯಿಂದ ಶುರುವಾಗಲಿ, ಊರು ಆಮೇಲೆ ಬರಲಿ ಎಂದು ಹೇಳಿ. ನಗುತ್ತಾರೆ. ನಗಲಿ.

ಆ ಪೆಟ್ಟಿಗೆಯ ಹಸಿರು ದೀಪ ಈಗಲೂ ಕಿಟಕಿಯೊಳಗೆ ಉರಿಯುತ್ತಿದೆ. ಕೆರೆ ಏರಿ ಮೇಲೆ ನಮ್ಮ ಜಾಗದಲ್ಲಿ ಈಗ ನಮಗಿಂತ ಚಿಕ್ಕವರು ಕೂರುತ್ತಾರೆ. ಅವರ ಮಕ್ಕಳೂ ಅಲ್ಲೇ ಕೂರಬಾರದು.